ದಕ್ಷಿಣ ಚೌಕದ ಜೊತೆಗಳು

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬೆಂಗಳೂರಿನಿಂದ ಯೋಜನೆಯ ಮುಖ್ಯಸ್ಥ ಮನೋಹರ ಸರ್ ಫೋನ್ ಮಾಡಿದರು. ಶೋಭಿತಾ ಒಲೆಯ ಮುಂದೆ ಮುದ್ದೆಯ ಎಸರು ಕಾಯುತ್ತ ನಿಂತಿದ್ದಳು. ಬುದ್ಧನ ಪಟದ ಕೆಳಗೆ ಚಾರ್ಜಿಗಿಟ್ಟಿದ್ದ ಫೋನಿನಲ್ಲಿ ಆ ಹೆಸರು ಕಂಡದ್ದೇ ಅವಳಿಗೆ ಗೊತ್ತಾಯಿತು, ಆ ಕಡೆಯವರ ಸಂಖ್ಯೆ ಬಂದಿದೆ ಎಂದು.

"ಎಷ್ಟು ಸರ್?"

"ಅವರದು ಸಾವಿರಕ್ಕೆ ಇಪ್ಪತ್ತೊಂದು ಕಡಿಮೆ. ನಿಮ್ಮದು ಒಂಬತ್ತು ಪಾಯಿಂಟ್ ಮೂರು."

ಶೋಭಿತಾ ಒಲೆ ಸಣ್ಣದು ಮಾಡಿದಳು. ವ್ಯತ್ಯಾಸ ಹನ್ನೊಂದು ಪಾಯಿಂಟ್ ಏಳು. ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡುವ ಎರಡು ಗುಂಪಿನವರೂ ಒಬ್ಬರದನ್ನೊಬ್ಬರು ನೋಡದೆ ಸಂಖ್ಯೆ ಕಳಿಸಬೇಕು, ವ್ಯತ್ಯಾಸ ಐದರೊಳಗಿದ್ದರೆ ಎರಡನ್ನೂ ಉಳಿಸಿಕೊಳ್ಳಬೇಕು ಎಂದು ಎರಡು ವರ್ಷದ ಹಿಂದೆಯೇ ಒಪ್ಪಂದವಾಗಿತ್ತು.

"ಶುಕ್ರವಾರ ಸಂಜೆ ಐದಕ್ಕೆ ಸಂಖ್ಯೆಗಳಿಗೆ ಬೀಗ ಹಾಕ್ತಾರೆ ಶೋಭಿತಾ. ಅಷ್ಟರಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸಿ ಐದರೊಳಗೆ ಬಂದ್ರೆ ನಿಮ್ಮದೂ ಉಳಿಯುತ್ತೆ. ಇಲ್ಲಾಂದ್ರೆ ಅವರ ಸಂಖ್ಯೆ ಒಂದನ್ನೇ ಇಟ್ಕೊಂಡು ಮುಂದೆ ಹೋಗ್ತಾರೆ. ಆಮೇಲೆ ಹಾಸನದ ಆ ಕೋಣೆಯನ್ನ, ನಿಮ್ಮ ಕೆಲಸಾನ ಮಾರ್ಚ್ ದಾಟಿಸೋದಕ್ಕೆ ನನ್ನ ಹತ್ರ ಕಾರಣ ಇರಲ್ಲ. ಗೊತ್ತಲ್ಲ?"

"ಗೊತ್ತು ಸರ್."

ಒಳಗಿನಿಂದ ಅವ್ವ ಮಲ್ಲಿಗಮ್ಮ ಕೇಳಿದಳು. "ಏನಂತಮ್ಮಿ?"

"ಲೆಕ್ಕದಲ್ಲಿ ಅನ್ನೆರಡು ಯತ್ಯಾಸ ಬಂದೈತಂತೆ ಕಣವ್ವ."

"ಎಷ್ಟರಾಗೆ?"

"ಸಾವಿರದಾಗೆ."

"ಸಾವಿರದಾಗೆ ಅನ್ನೆರಡಾ? ಡೈರಿ ಹಾಲಿಗೆ ನೀರು ಬೆರೆಸೋರೂ ಇಷ್ಟು ನಿಯತ್ತಾಗಿ ಬೆರೆಸಕಿಲ್ಲ ಬುಡು. ಮೊದ್ಲು ಮುದ್ದೆ ತಿರುವು."

ಶೋಭಿತಾಳಿಗೆ ನಗು ಬಂತು, ಆದರೆ ಮುಖದ ತನಕ ಬರುವಷ್ಟರಲ್ಲಿ ಅದೂ ದಣಿದಿತ್ತು. ಐದು ವರ್ಷದಿಂದ ಅವಳು ಮಾಡುತ್ತಿರುವುದು ಆ ಸಾವಿರದೊಳಗಿನ ಹನ್ನೆರಡನ್ನು ಹಿಡಿಯುವ ಕೆಲಸವನ್ನೇ.

ಕೆಲಸವೆಂದರೆ ಇಷ್ಟು. ದೂರದ ಗ್ಯಾಲಕ್ಸಿಗಳ ಬೆಳಕು ನಮ್ಮತ್ತ ಬರುವ ದಾರಿಯಲ್ಲಿ ಕಣ್ಣಿಗೆ ಕಾಣದ ದ್ರವ್ಯದ ರಾಶಿಗಳನ್ನು ಹಾದು ಬರುತ್ತದೆ. ಆ ರಾಶಿಗಳ ಗುರುತ್ವ ಬೆಳಕನ್ನು ತುಸುವೇ ಬಾಗಿಸುತ್ತದೆ. ಗ್ಯಾಲಕ್ಸಿಯ ಆಕಾರ ನೂರಕ್ಕೆ ಒಂದು ಪಾಲಿನಷ್ಟು ಒಂದು ಕಡೆಗೆ ಜಗ್ಗಿದಂತೆ ಕಾಣುತ್ತದೆ. ಒಂದೆರಡು ಗ್ಯಾಲಕ್ಸಿ ನೋಡಿ ಇದನ್ನು ಹೇಳಲಾಗದು. ಕೋಟಿಗಟ್ಟಲೆ ಆಕಾರಗಳನ್ನು ಅಳೆದು ಸರಾಸರಿ ತೆಗೆದರೆ, ಕಾಣದ ರಾಶಿ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಹೇಳಬಹುದು. ಆದರೆ ಅಳೆಯುವ ಪ್ರೋಗ್ರಾಮೂ ತಪ್ಪುತ್ತದೆ. ಎಷ್ಟು ತಪ್ಪುತ್ತದೆಂದು ತಿಳಿಯಲು ಶೋಭಿತಾ ಕಂಪ್ಯೂಟರಿನಲ್ಲಿ ಸುಳ್ಳು ಆಕಾಶವೊಂದನ್ನು ಮಾಡುತ್ತಾಳೆ. ಅದರೊಳಗಿನ ಪ್ರತಿ ಗ್ಯಾಲಕ್ಸಿಯನ್ನೂ ಎಷ್ಟು ಜಗ್ಗಿದ್ದಾಳೆ ಎಂಬುದು ಅವಳಿಗೆ ಗೊತ್ತು. ಅದನ್ನು ಪ್ರೋಗ್ರಾಮಿಗೆ ಕೊಟ್ಟು, ಎಷ್ಟು ಹೇಳುತ್ತದೆ ನೋಡುತ್ತಾಳೆ. ಅವಳು ಸಾವಿರ ಜಗ್ಗಿದ್ದರೆ ಪ್ರೋಗ್ರಾಮು ಒಂಬೈನೂರ ತೊಂಬತ್ತೊಂದು ಚಿಲ್ಲರೆ ಹೇಳುತ್ತಿತ್ತು. ಸಾವಿರಕ್ಕೆ ಒಂಬತ್ತು ಪಾಯಿಂಟ್ ಮೂರು ಕಡಿಮೆ.

ಸುಳ್ಳು ಆಕಾಶ ನಿಜದ ಹಾಗೇ ಇದ್ದರೆ ಮಾತ್ರ ಈ ಸಂಖ್ಯೆಗೆ ಬೆಲೆ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಒಂದರ ಮೇಲೊಂದು ಬಿದ್ದು ಅಂಟಿಕೊಂಡಂತೆ ಕಾಣುವ ಗ್ಯಾಲಕ್ಸಿಗಳು. ಪ್ರೋಗ್ರಾಮು ಅಂಥ ಎರಡನ್ನು ಒಂದೇ ಎಂದುಕೊಂಡು ಆಕಾರವನ್ನು ತಪ್ಪಾಗಿ ಓದುತ್ತದೆ. ನಿಜವಾದ ಆಕಾಶದಲ್ಲಿ ಅಂಥವು ಎಷ್ಟಿವೆಯೋ ಸುಳ್ಳು ಆಕಾಶದಲ್ಲೂ ಅಷ್ಟೇ ಇರಬೇಕು. ಅದನ್ನು ಎಣಿಸಲು ಮನುಷ್ಯರ ಕಣ್ಣೇ ಬೇಕು. ನಾಲ್ಕು ವರ್ಷದ ಹಿಂದೆ ಅವಳು ಆಕಾಶದ ನಾಲ್ಕು ಚೌಕಗಳ ಚಿತ್ರವನ್ನು ದೊಡ್ಡ ಹಾಳೆಗಳ ಮೇಲೆ ಅಚ್ಚು ಹಾಕಿಸಿ, ಚೌಕಕ್ಕೆ ಅರವತ್ತು ಹಾಳೆಯಂತೆ ನಾಲ್ವರಿಗೆ ಹಂಚಿದ್ದಳು. ಕಾಂತರಾಜು, ಮೇಘಶ್ರೀ, ರಂಜಿನಿ ಆಗಷ್ಟೇ ಡಿಗ್ರಿ ಮುಗಿಸಿದ್ದವರು. ನಾಲ್ಕನೆಯವರು ಪುಟ್ಟರಾಜಣ್ಣ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮೂವತ್ತು ವರ್ಷ ಕಾಯಿ ಎಣಿಸಿ ಕೆಲಸ ಬಿಟ್ಟವರು. ಆ ಕಣ್ಣಿಗೆ ಸುಸ್ತೆಂಬುದೇ ಇರಲಿಲ್ಲ. ಅವರ ಪಾಲಿಗೆ ಬಂದದ್ದು ದಕ್ಷಿಣದ ಚೌಕ.

ಒಂಬತ್ತು ಗಂಟೆಗೆ ಹಾಸನದ ಕಾಲೇಜಿನ ಎರಡನೇ ಮಹಡಿಯ ತನ್ನ ಕೋಣೆಯಲ್ಲಿ ಕೂತು ಶೋಭಿತಾ ಆ ಹಳೆಯ ಪಟ್ಟಿ ತೆರೆದಳು. ಉತ್ತರ, ಹಾಳೆಗೆ ಸರಾಸರಿ ಹದಿನಾಲ್ಕು ಜೊತೆ. ಪಶ್ಚಿಮ, ಹದಿನಾಲ್ಕು. ಪೂರ್ವ, ಹದಿನಾರು. ದಕ್ಷಿಣ, ಏಳು.

ಈ ಏಳು ಅವಳಿಗೆ ಹೊಸದಲ್ಲ. ಆಕಾಶ ಎಲ್ಲ ಕಡೆಯೂ ಒಂದೇ ಹದದಲ್ಲಿ ಇರುವುದಿಲ್ಲ ಎಂದುಕೊಂಡು, ದಕ್ಷಿಣ ಚೌಕದಲ್ಲಿ ಜೊತೆಗಳು ಏಕೆ ವಿರಳ ಎಂದು ಮೂರು ಪ್ಯಾರಾ ಬರೆದಿದ್ದಳು. ಚೆನ್ನಾಗಿಯೇ ಬರೆದಿದ್ದಳು. ಈಗ ಓದಿದರೆ, ಆ ಮೂರು ಪ್ಯಾರಾದಲ್ಲಿ ಒಂದು ವಾಕ್ಯವೂ ಹಾಳೆಗಳನ್ನು ನೋಡಿ ಬರೆದದ್ದಾಗಿರಲಿಲ್ಲ. ಪುಟ್ಟರಾಜಣ್ಣ ಒಂದು ನೋಟ್‌ಬುಕ್ಕಿನಲ್ಲಿ ಅರವತ್ತು ಅಂಕಿ ಬರೆದು ಕಳಿಸಿದ್ದರು. ಹಾಳೆಗಳು ಅವರ ಮನೆಯಲ್ಲೇ ಉಳಿದಿದ್ದವು.

ಅವಳು ಕೋಣೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಸೀಟಿರಲಿಲ್ಲ. ಕಂಡಕ್ಟರ್ ಆಧಾರ್ ನೋಡಿ ಶೂನ್ಯದ ಟಿಕೆಟ್ ಹರಿದುಕೊಟ್ಟ. ಶಾಂತಿಗ್ರಾಮ ದಾಟುವಷ್ಟರಲ್ಲಿ ಅವಳು ಕಂಬಿಗೆ ಹಣೆ ಕೊಟ್ಟು ನಿಂತಲ್ಲೇ ತೂಕಡಿಸಿದ್ದಳು.

ಪುಟ್ಟರಾಜಣ್ಣನ ಮನೆ ಮಂಡಿಯ ಹಿಂದಿನ ಬೀದಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಯಾರು, ನಕ್ಷತ್ರದ ಮೇಡಮ್ಮಾರಾ! ಬರ್ರಿ ಬರ್ರಿ. ಲೇ ಇವಳೇ, ಯಾರು ಬಂದವ್ರೆ ನೋಡು." ಪುಟ್ಟರಾಜಣ್ಣ ಎದ್ದು ಪಂಚೆ ಸರಿಮಾಡಿಕೊಂಡರು. "ನಿಮ್ಮ ಸುಳ್ಳು ಆಕಾಸ ಇನ್ನೂ ಮುಗೀನಿಲ್ವಾ?"

"ಮುಗಿಯೋ ಹಂಗೆ ಕಾಣ್ತಿಲ್ಲ ಪುಟ್ಟರಾಜಣ್ಣ."

"ನಾಕು ವರ್ಸ ಆತು ಕಣವ್ವ. ಅಷ್ಟರಾಗೆ ಗಿಡ್ಡ ತಳಿ ತೆಂಗಿನ ಸಸಿ ಒಂಬಾಳೆ ಬುಟ್ಟು ಕಾಯಿ ಕಚ್ತದೆ."

"ಸುಮ್ಕಿರಿ, ಬಂದೋರ್ನ ನಿಲ್ಸಿ ಆಡ್ಕೊತೀರಾ?" ಎಂದು ಚಿಕ್ಕಲಕ್ಷ್ಮಮ್ಮ ಗಂಡನನ್ನು ಗದರಿ, "ಒಳೀಕೆ ಬಾ ಮಗಾ, ಮುಖ ಬಾಡೋಗದೆ" ಎಂದರು.

"ಹಾಳೆಗಳು ಇದಾವಾ ಪುಟ್ಟರಾಜಣ್ಣ? ಬಿಸಾಕಿಲ್ಲ ತಾನೆ?"

"ಬಿಸಾಕೋದಾ! ಆಕಾಸನ ಯಾವನಾರ ಬಿಸಾಕ್ತಾನಾ?" ಅವರು ಒಳಗೆ ಹೋಗಿ ಅಟ್ಟದಿಂದ ಸುರುಳಿಯೊಂದನ್ನು ಇಳಿಸಿ ತಂದರು. ತೆಂಗಿನ ನಾರಿನ ಹುರಿಯಲ್ಲಿ ಮೂರು ಕಡೆ ಕಟ್ಟಿತ್ತು.

ಮೊದಲ ಹಾಳೆ ಬಿಚ್ಚಿದಾಗ ಶೋಭಿತಾಳ ಕಣ್ಣಿಗೆ ಬಿದ್ದದ್ದು ಕೆಂಪು ಬಳೆಗಳು. ಅಂಟಿಕೊಂಡ ಎರಡೆರಡು ಗ್ಯಾಲಕ್ಸಿಗೆ ಒಂದೊಂದು ಬಳೆಯಂತೆ ಅವರು ಗುಂಡಗೆ ಗೀಚಿದ್ದರು. ಅವಳು ಬೆರಳಿಟ್ಟು ಎಣಿಸಿದಳು. ಹದಿನೈದು. ಹಾಳೆಯ ಬುಡದಲ್ಲಿ ಅವರ ಕೈಯಲ್ಲಿ ಬರೆದದ್ದೂ ಹದಿನೈದು. ಅವಳ ಕಂಪ್ಯೂಟರಿನಲ್ಲಿ ಆ ಹಾಳೆಗೆ ಇದ್ದದ್ದು ಏಳೂವರೆ.

"ಇದು ಹದಿನೈದು ಏನು ಪುಟ್ಟರಾಜಣ್ಣ?"

"ಏನಂದ್ರೆ? ಜೊತೆ."

"ಅಂದ್ರೆ ಮೂವತ್ತು ಗ್ಯಾಲಕ್ಸಿ."

"ಊ ಮತ್ತೆ. ಅದಿನೈದು ಜೊತೆ ಅಂದ್ರೆ ಮೂವತ್ತು ಕಾಯಿ. ಮಂಡೀಲಿ ಯಾವನಾರ ಕಾಯಿನ ಬಿಡಿಬಿಡಿಯಾಗಿ ಎಣಿಸ್ತಾನಾ? ಎಡಗೈಲೊಂದು ಎತ್ತು, ಬಲಗೈಲೊಂದು ಎತ್ತು, ಒಂದು ಅನ್ನು. ನೀವು ಜೊತೆ ಎಣ್ಸಿ ಅಂದ್ರಿ, ಜೊತೆ ಎಣಿಸ್ದೆ. ಕಾಯಿ ಎಣ್ಸಿ ಅಂದಿದ್ರೆ ಕಾಯಿ ಎಣಿಸ್ತಿದ್ದೆ."

ಶೋಭಿತಾ ಹಾಳೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಾಸನದ ಕೋಣೆಯಲ್ಲಿ ಉಳಿದ ಮೂವರಿಗೂ ಅವಳು ಹೇಳಿದ್ದು "ಜೊತೆಯಲ್ಲಿರೋದನ್ನ ಎಣಿಸಿ" ಎಂದು. ಅವರು ಒಂದೊಂದು ಗ್ಯಾಲಕ್ಸಿಗೂ ಒಂದೊಂದು ಗೀಟು ಹಾಕಿ ತಲೆ ಎಣಿಸಿದ್ದರು. ಆ ತಲೆಗಳನ್ನು ಅವಳು ಎರಡರಿಂದ ಭಾಗಿಸಿ ಜೊತೆ ಮಾಡಿಕೊಂಡಿದ್ದಳು. ಇಲ್ಲಿಗೆ ಬಂದ ದಿನ ಕೊನೆಯ ಬಸ್ಸಿನ ಆತುರದಲ್ಲಿ ಇದೇ ಜಗಲಿಯ ಮೆಟ್ಟಿಲಿಳಿಯುತ್ತ "ಜೊತೆ ಎಣಿಸಿ ಪುಟ್ಟರಾಜಣ್ಣ" ಎಂದಿದ್ದಳು. ಐದು ಅಕ್ಷರ ಬಿಟ್ಟುಹೋಗಿತ್ತು. ಅವರು ಕೊಟ್ಟ ಜೊತೆಯನ್ನೂ ಅವಳು ಮತ್ತೆ ಎರಡರಿಂದ ಭಾಗಿಸಿದ್ದಳು.

"ತಪ್ಪು ನಂದಾ ಕಣವ್ವ?" ಪುಟ್ಟರಾಜಣ್ಣನ ದನಿ ಇಳಿದಿತ್ತು. ಮೂವತ್ತು ವರ್ಷದಲ್ಲಿ ಅವರ ಎಣಿಕೆಯ ಮೇಲೆ ಮಾತು ಬಂದಿರಲಿಲ್ಲ.

"ಇಲ್ಲ, ನಂದು. ನೀವು ಸರಿಯಾಗೇ ಎಣಿಸಿದೀರಿ."

"ಅಂಗಾರೆ ಉಳಿದೋರದ್ದೂ ಎಣ್ಸಿ."

"ಉಳಿದೋರದು ಸರಿ ಇದೆ. ನಿಮ್ಮದೇ ಕಡಿಮೆ ಬಿದ್ದಿತ್ತು."

"ಅಂಗಲ್ಲ ಕಣವ್ವ." ಅವರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. "ಮಂಡೀಲಿ ಒಂದು ಗುಡ್ಡೆ ತಪ್ಪಿದ್ರೆ ಆ ಗುಡ್ಡೆ ಒಂದ್ನೇ ಎಣ್ಸಕಿಲ್ಲ. ಅವತ್ತಿನ ಗುಡ್ಡೆ ಎಲ್ಲಾನೂವೆ ಕೆಡವಿ ಎಣ್ಸೋದು. ಕಮ್ಮಿ ಬಿದ್ದಿದ್ದ ಮಾತ್ರ ಹುಡುಕುದ್ರೆ ಕಮ್ಮಿದೇ ಸಿಕ್ತದೆ. ಜಾಸ್ತಿ ಬಿದ್ದಿರೋದ್ನ ಯಾವನು ಹುಡುಕ್ತಾನೆ?"

"ಅಷ್ಟು ಟೈಮಿಲ್ಲ ಪುಟ್ಟರಾಜಣ್ಣ" ಎಂದಳು ಶೋಭಿತಾ. ಟೈಮು ಇಲ್ಲದಿದ್ದದ್ದು ನಿಜ. ಶಕ್ತಿ ಇರಲಿಲ್ಲ ಎಂಬುದು ಅದಕ್ಕಿಂತ ನಿಜ.

ಅರವತ್ತು ಹಾಳೆಯ ಬಳೆಗಳನ್ನೂ ಬುಡದ ಅಂಕಿಗಳನ್ನೂ ಅವಳು ಅಲ್ಲೇ ಕೂತು ತಾಳೆ ನೋಡಿದಳು. ಸರಾಸರಿ ಹದಿನಾಲ್ಕು. ಸಂಜೆ ಹಾಸನಕ್ಕೆ ಬಂದು ದಕ್ಷಿಣ ಚೌಕದ ಸುಳ್ಳು ಆಕಾಶಕ್ಕೆ ಜೊತೆಗಳನ್ನು ಸೇರಿಸಿ, ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಕಳಿಸಿ ಮಲಗಿದಳು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಉತ್ತರ ಬಂತು. ಸಾವಿರಕ್ಕೆ ಹದಿನೇಳು ಕಡಿಮೆ. ಆ ಕಡೆಯವರದು ಇಪ್ಪತ್ತೊಂದು. ವ್ಯತ್ಯಾಸ ನಾಲ್ಕು.

"ಮುಗೀತಲ್ಲ!" ಮನೋಹರ ಸರ್ ಫೋನಿನಲ್ಲೇ ನಕ್ಕರು. "ಜೊತೆ ಅನ್ನೋ ಒಂದು ಪದ! ಎರಡು ಪುಟ ಬರೆದು ಕಳಿಸಿ, ಸಾಕು. ಕೋಣೆಗೆ ಸುಣ್ಣ ಹೊಡೆಸ್ಕೊಳ್ಳಿ ಇನ್ನು."

ಅವಳು ಬರೆಯಲು ಕೂತಳು. ಮೊದಲ ಪುಟ ಸರಾಗವಾಗಿ ಆಯಿತು. ಎರಡನೆಯ ಪುಟದಲ್ಲಿ, ಎಣಿಕೆದಾರರ ಲೆಕ್ಕವನ್ನು ಮರುಪರಿಶೀಲಿಸಲಾಯಿತು ಎಂಬ ಅರ್ಥದ ವಾಕ್ಯ ಬರೆದು ಕೈ ನಿಲ್ಲಿಸಿದಳು. ಎಷ್ಟು ಎಣಿಕೆದಾರರು? ಒಬ್ಬರು. ಯಾಕೆ ಆ ಒಬ್ಬರು? ಅವರ ಸಂಖ್ಯೆ ಅವಳಿಗೆ ಬೇಕಾದ ಕಡೆಗೆ ತಪ್ಪಿತ್ತು, ಅದಕ್ಕೆ. ಉತ್ತರ ಸರಿಹೋದ ಕೂಡಲೇ ಹುಡುಕುವುದನ್ನು ಬಿಟ್ಟಿದ್ದಳು. ಹಾಗೆ ಮಾಡಬಾರದೆಂದೇ ಅಲ್ಲವೇ ಇಬ್ಬರೂ ನೋಡದೆ ಸಂಖ್ಯೆ ಕಳಿಸಿದ್ದು? "ಒಬ್ಬರ" ಎಂದು ಬರೆದರೆ ಕೇಳುತ್ತಾರೆ. "ಎಣಿಕೆದಾರರ" ಎಂದೇ ಬಿಟ್ಟರೆ ಯಾರೂ ಕೇಳುವುದಿಲ್ಲ. ಅವಳು ಅರ್ಧ ಗಂಟೆ ಆ ವಾಕ್ಯವನ್ನೇ ನೋಡುತ್ತಿದ್ದು, ಕೊನೆಗೆ ಎದ್ದು ಕಪಾಟು ತೆಗೆದಳು.

ಕಾಂತರಾಜುವಿನ ಹಾಳೆಗಳು ಅಲ್ಲೇ ಇದ್ದವು. ಸಂಜೆಯ ತನಕ ನೋಡಿದಳು. ಸರಿಯಿತ್ತು. ಗುರುವಾರ ನಸುಕಿನಲ್ಲೇ ಹೊಳೆನರಸೀಪುರದ ಬಸ್ಸು ಹತ್ತಿದಳು. ಮೇಘಶ್ರೀ ಈಗ ಅಲ್ಲಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಹೆರಿಗೆ ರಜೆಯಲ್ಲಿ ಮನೆಯಲ್ಲೇ ಇದ್ದವಳು ಮಗುವಿಗೆ ಹಾಲುಣಿಸುತ್ತಲೇ ಮಂಚದ ಕೆಳಗಿನ ಹಾಳೆಗಳನ್ನು ಕಾಲಿನಿಂದ ತಳ್ಳಿ ತೋರಿಸಿದಳು. ಅದೂ ಸರಿಯಿತ್ತು. ಅಲ್ಲಿಂದ ಇನ್ನೊಂದು ಬಸ್ಸು, ಅರಕಲಗೂಡಿಗೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರಿಂದ ಕಣ್ಣು ಮುಚ್ಚಿ, ರಂಜಿನಿಯದೂ ಸರಿಯಿದ್ದರೆ ರಾತ್ರಿ ಎಂಟಕ್ಕೇ ಮಲಗಿಬಿಡಬಹುದು ಎಂದುಕೊಂಡಳು.

ರಂಜಿನಿ ಅರಕಲಗೂಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಊಟದ ಬಿಡುವಿನಲ್ಲಿ ಗೇಟಿಗೇ ಓಡಿಬಂದಳು.

"ಬನ್ನಿ ಮ್ಯಾಮ್, ನಮ್ಮ ಪೂರ್ವ ಚೌಕ ತೋರಿಸ್ತೀನಿ. ಗೋಡೆ ತುಂಬ ಅದೇ. ಇನ್ಸ್‌ಪೆಕ್ಷನ್‌ಗೆ ಬಂದೋರು ಇದೇನಮ್ಮ, ಗೋಡೆಗೆ ಬೂಷ್ಟು ಹಿಡಿದಿದ್ಯಾ ಅಂದ್ರು!"

ಒಂಬತ್ತನೇ ಕ್ಲಾಸಿನ ಹಿಂದಿನ ಗೋಡೆಯ ಮೇಲೆ ಹನ್ನೆರಡು ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದ್ದಳು. ಒಂದು ಹಾಳೆಯ ಬಲದಂಚಿನಲ್ಲಿ ಇರುವುದೇ ಮುಂದಿನ ಹಾಳೆಯ ಎಡದಂಚಿನಲ್ಲೂ ಎರಡು ಬೆರಳಿನಷ್ಟು ಬರುವಂತೆ ಶೋಭಿತಾಳೇ ಅಚ್ಚು ಹಾಕಿಸಿದ್ದಳು. ಹತ್ತಿರ ಹೋಗಿ ನೋಡಿದಳು. ಸೇರಿದ ಅಂಚಿನ ಈ ಬದಿಗೊಂದು ಜೊತೆ, ಎರಡಕ್ಕೂ ಗೀಟು. ಆ ಬದಿಯಲ್ಲೂ ಅದೇ ಜೊತೆ, ಅದಕ್ಕೂ ಗೀಟು. ಕೆಳಗಿನ ಅಂಚಿನಲ್ಲೂ ಹಾಗೇ. ಅದರ ಪಕ್ಕದಲ್ಲೂ.

"ರಂಜಿನಿ, ಅಂಚಿನಲ್ಲಿರೋದನ್ನ ಎರಡೂ ಹಾಳೇಲಿ ಎಣಿಸಿದೀಯಾ?"

ರಂಜಿನಿ ಗೋಡೆಗೆ ಮೂಗು ತಾಗುವಷ್ಟು ಬಗ್ಗಿದಳು. "ಅಯ್ಯೋ. ಹೌದಲ್ಲ ಮ್ಯಾಮ್. ಒಂದೊಂದೇ ಹಾಳೆ ಇಟ್ಕೊಂಡು ಎಣಿಸ್ತಿದ್ನಲ್ಲ, ಗೊತ್ತೇ ಆಗ್ಲಿಲ್ಲ. ಅಂಚು ಬಿಡು ಅಂತ ನೀವು ಹೇಳಿದ್ರಾ?"

"ಹೇಳಿದ್ನೇನೋ. ಉಳಿದೋರು ಬಿಟ್ಟಿದಾರೆ."

"ನೀವು ಹೇಳಿದ ದಿನ ನಾನು ರಜಾ ಇದ್ನೇನೋ."

ಇಬ್ಬರಿಗೂ ನೆನಪಿರಲಿಲ್ಲ. ಶೋಭಿತಾ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತಳು. ಲೆಕ್ಕಕ್ಕೆ ಕಂಪ್ಯೂಟರು ಬೇಕಿರಲಿಲ್ಲ. ಗೋಡೆಯ ಹನ್ನೆರಡರಲ್ಲಿ ಹಾಳೆಗೆ ಸುಮಾರು ಮೂರು ಜೊತೆ ಹೆಚ್ಚು ಬಿದ್ದಿತ್ತು. ಪೂರ್ವ ಹದಿನಾರರಿಂದ ಹದಿಮೂರಕ್ಕೆ ಇಳಿಯುತ್ತದೆ. ದಕ್ಷಿಣದ ಏಳು ಜೊತೆ ಸೇರಿದಾಗ ಸಂಖ್ಯೆ ಹೆಚ್ಚುಕಡಿಮೆ ಎಂಟು ಜರುಗಿತ್ತು. ಈ ಮೂರಕ್ಕೆ ಮೂರೂ ಚಿಲ್ಲರೆ ವಾಪಸು ಬರುತ್ತದೆ. ಹದಿನೇಳಲ್ಲ, ಹದಿನಾಲ್ಕರ ಹತ್ತಿರ. ವ್ಯತ್ಯಾಸ ಏಳು. ಐದರ ಆಚೆ.

ಅವಳ ಮುಖ ನೋಡಿ ರಂಜಿನಿ ಪಕ್ಕದಲ್ಲಿ ಕೂತಳು. "ನಿನ್ನೆ ಸರಿ ಬಂತು ಅಂತ ಮೆಸೇಜ್ ಹಾಕಿದ್ರಲ್ಲ ಮ್ಯಾಮ್?"

"ನಿನ್ನೆ ಬಂದಿತ್ತು."

"ಮತ್ತೆ ಇದನ್ಯಾಕೆ ಮುಟ್ತೀರಾ? ನೀವು ಅರಕಲಗೂಡಿಗೆ ಬರಲೇ ಇಲ್ಲ ಅಂದ್ಕೊಳ್ಳಿ. ಗೋಡೆಗೆ ಇವತ್ತೇ ಸುಣ್ಣ ಬಳಿದುಬಿಡ್ತೀನಿ."

ಸುಮ್ಮನಿದ್ದುಬಿಡುವ ಆಸೆ ಶೋಭಿತಾಳಿಗೆ ಪಾಪದ ಹಾಗೆ ಕಾಣಲಿಲ್ಲ, ನಿದ್ದೆಯ ಹಾಗೆ ಕಂಡಿತು. ಬೆಚ್ಚಗಿತ್ತು. ಕೋಣೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಹದಿನೇಳು ಎಂಬ ಸಂಖ್ಯೆಯ ಮೇಲೆ ಮುಂದಿನವರು ಕಾಣದ ದ್ರವ್ಯದ ನಕ್ಷೆ ಬರೆಯುತ್ತಾರೆ. ಆ ನಕ್ಷೆಯಲ್ಲಿ ಎಲ್ಲೋ ಒಂದು ಕಡೆ ರಾಶಿ ಇರುವುದಕ್ಕಿಂತ ತುಸು ದಪ್ಪಗೆ ಕಾಣುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಮಾತ್ರ, ಆ ನಕ್ಷೆ ನೋಡಿದಾಗಲೆಲ್ಲ ಈ ಒಂಬತ್ತನೇ ಕ್ಲಾಸಿನ ಗೋಡೆ ಕಾಣುತ್ತದೆ.

"ಉಳಿದ ನಲವತ್ತೆಂಟು ಎಲ್ಲಿವೆ?" ಎಂದು ಕೇಳಿದಳು.

"ಸ್ಟಾಫ್‌ರೂಮಲ್ಲಿ." ರಂಜಿನಿ ನಿಟ್ಟುಸಿರಿಟ್ಟಳು. "ತರ್ತೀನಿ. ನೀವು ಮೊದಲು ಏನಾದ್ರೂ ತಿನ್ನಿ, ಮಧ್ಯಾಹ್ನದ ಚಿತ್ರಾನ್ನ ಮಿಕ್ಕಿದೆ."

ಶಾಲೆ ಬಿಟ್ಟು, ಆಯಾ ಬಂದು ಕಸ ಗುಡಿಸಿ, ಅವರಿಬ್ಬರ ಕಾಲ ಕೆಳಗೂ ಗುಡಿಸಿ ಹೋದಳು. ಐದೂವರೆಯ ತನಕ ಇಬ್ಬರೂ ಅಂಚುಗಳನ್ನು ಎಣಿಸಿದರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಾವಿರಕ್ಕೆ ಹದಿಮೂರು ಪಾಯಿಂಟ್ ಏಳು ಕಡಿಮೆ ಎಂಬ ಹೊಸ ಉತ್ತರ ಬಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಮನೋಹರ ಸರ್‌ಗೆ ಅವಳೇ ಫೋನ್ ಮಾಡಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

"ಐದರೊಳಗೆ ಇಲ್ಲ ಶೋಭಿತಾ."

"ಗೊತ್ತು ಸರ್."

"ನಿನ್ನೆ ಅರಕಲಗೂಡಿಗೆ ಹೋಗ್ಲೇಬೇಕಿತ್ತಾ?"

"ಮೊದಲನೇ ವರ್ಷವೇ ಹೋಗ್ಬೇಕಿತ್ತು ಸರ್."

ಅವರು ಕೆಮ್ಮಿದರು. "ಅವರದರಲ್ಲೂ ಏನಾದ್ರೂ ಇರಬಹುದು. ಅದನ್ನ ಕೇಳಿ ಉತ್ತರ ತರಿಸೋದಕ್ಕೆ ನಾಲ್ಕು ತಿಂಗಳು ಬೇಕು. ಅಷ್ಟು ದಿನ ಯಾರೂ ಕಾಯಲ್ಲ. ನಿಮ್ಮದನ್ನ ಅನುಬಂಧದಲ್ಲಿ ಹಾಕ್ತಾರೆ. ಕೋಣೆ..." ಎಂದು ನಿಲ್ಲಿಸಿದರು. "ಮಾರ್ಚ್ ತನಕ ಇದೆ."

"ಆಗಲಿ ಸರ್."

"ತುಂಬಿ ಕಳಿಸಿ. ಐದಕ್ಕೆ ಬೀಗ."

ಫಾರಂ ತುಂಬಲು ಹೆಚ್ಚು ಹೊತ್ತೇನೂ ಬೇಕಿರಲಿಲ್ಲ, ಆದರೂ ಅವಳು ಮಧ್ಯಾಹ್ನವಿಡೀ ಅದರ ಮುಂದೆ ಕೂತಿದ್ದಳು. ಎಣಿಕೆದಾರರ ಸಂಖ್ಯೆ, ನಾಲ್ಕು. ಮರುಪರಿಶೀಲಿಸಿದ್ದು, ನಾಲ್ಕು. ತಪ್ಪು ಕಂಡುಬಂದ ಚೌಕ, ಎರಡು. ತಪ್ಪಿನ ಕಾರಣ ಎಂಬ ಕಡೆ, ಎಣಿಕೆದಾರರಿಗೆ ಕೊಟ್ಟ ಸೂಚನೆ ಎಲ್ಲರಿಗೂ ಒಂದೇ ಆಗಿರಲಿಲ್ಲ, ಸೂಚನೆ ಕೊಟ್ಟವಳು ನಾನು ಎಂದು ಬರೆದಳು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕೊನೆಯ ಖಾನೆಯಲ್ಲಿ ಸಂಖ್ಯೆಯನ್ನು ಟೈಪ್ ಮಾಡಿ, ಒಂದೊಂದು ಅಂಕಿಯನ್ನೂ ಪಟ್ಟಿಯೊಡನೆ ತಾಳೆ ನೋಡಿ, ಕಳಿಸಿದಳು: ಮೈನಸ್ 0.0137, ತಪ್ಪಬಹುದಾದದ್ದು ಎರಡೂ ಬದಿಗೆ 0.0012.